ಹೊಸ ಪುಸ್ತಕದ ಫೋಟೋ

ಮತ್ತೆ ಬಂದರು ನೋಡಿ, ಪಾಠದ ನಡುವೆ! ನಮ್ಮೂರ ಸರ್ಕಾರಿ ಶಾಲೆಯಲ್ಲಿ ಐದು ತರಗತಿಗೆ ಒಬ್ಬರೇ ಟೀಚರು. ಅದಕ್ಕೇ ದಿನಾ ಒಂದು ಗಂಟೆ, ನನ್ನ ಮಗಳಿರುವ ಒಂದನೇ ಕ್ಲಾಸಿಗೆ ನಾನೇ ಹೋಗಿ ಓದು ಕಲಿಸುತ್ತೇನೆ. ಶಾಲಾ ಸಮಿತಿ ಅಧ್ಯಕ್ಷ ಪುಟ್ಟಮಾದಪ್ಪನವರು ಬರುವುದು ಫೋಟೋಗೆ. ಅನುದಾನದಲ್ಲಿ ಬಂದ ಕಥೆಪುಸ್ತಕಗಳನ್ನು ಮಕ್ಕಳ ಕೈಗೆ ಕೊಡಿಸಿ, ಫೋಟೋ ತೆಗೆಸಿ, ಮತ್ತೆ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. "ಮಕ್ಕಳು ಮುಟ್ಟಿದ್ರೆ ಹಾಳಾಗುತ್ತಮ್ಮ!"

"ಫೋಟೋ ಚೆನ್ನಾಗಿದೆ ಸಾರ್," ಅಂದೆ. "ಆದ್ರೆ ಪುಸ್ತಕ ಮದುವೆ ಸೀರೆ ಥರ ಮಿಂಚ್ತಿದೆ. ಯಾರೂ ಓದಿಲ್ಲ ಅಂತ ಕೊಟ್ಟೋರಿಗೆ ಗೊತ್ತಾದ್ರೆ, ಮುಂದಿನ ವರ್ಷ ಅನುದಾನ ಕೊಡ್ತಾರಾ?"

ಅವರ ಹಣೆ ಬೆವರಿತು. ಬೀಗ ತೆಗೆದವರೇ ಕೂಗಿದರು: "ಎಲ್ರೂ ಮನೆಗೆ ತಗೊಂಡು ಹೋಗ್ರೋ! ಬೇಗ ಹಳೇದು ಮಾಡ್ಕೊಂಡು ಬನ್ನಿ!"

ಮಕ್ಕಳು ಮುಗಿಬಿದ್ದರು. ಪುಸ್ತಕ ಅಪ್ಪಿಕೊಂಡು ನಿಂತಿದ್ದ ನನ್ನ ಮಗಳು ಕೇಳಿದಳು: "ಅಮ್ಮ, ಹಳೇದಾದ್ಮೇಲೆ ಫೋಟೋ ತೆಗೆದು ಮತ್ತೆ ಬೀಗ ಹಾಕ್ತಾರಾ?"