ಎಡಕ್ಕೆ ತಿರುಗಿದಾಗ ಮಿಸ್ ಹೊಡೆವ ಗಾಡಿ

ಗುರು ಅಂದಮೇಲೆ ಉದ್ದ ಗಡ್ಡ ಇರಬೇಕು, ನದಿ ದಂಡೆಯಲ್ಲಿ ಆಶ್ರಮ ಇರಬೇಕು ಅನ್ನುವವರಿದ್ದರೆ ಕೇಳಿ: ಗೌಸ್ ಉಸ್ತಾದರಿಗೆ ಗಡ್ಡವೂ ಇತ್ತು, ತುಂಗಭದ್ರೆಯ ದಂಡೆಯೂ ಇತ್ತು. ಆಶ್ರಮ ಮಾತ್ರ ತಗಡಿನ ಶೆಡ್ಡು. ಅಲ್ಲಿ ಅವರು ಮೋಟಾರ್ ಸೈಕಲ್ ರಿಪೇರಿ ಮಾಡುತ್ತಿದ್ದರು.

ಶಿಷ್ಯೆ ಒಬ್ಬಳೇ, ಕಸ್ತೂರಿ. ಮೂವತ್ತು ದಾಟಿದ ಹೆಂಗಸು, ಮೂರು ವರ್ಷದಿಂದ ಉಸ್ತಾದರ ಹತ್ತಿರ ಕೆಲಸ ಕಲಿಯುತ್ತಿದ್ದಳು.

ವೈರಿಂಗಿಗೆ ಕೈ ಹಾಕಿದಳೆಂದರೆ ಜಡೆ ಹೆಣೆದಷ್ಟು ಚೊಕ್ಕ. ಒಂದು ವೈರೂ ಜೋತುಬೀಳುವ ಹಾಗಿಲ್ಲ, ವೈರು ಬಿಗಿಯುವ ಒಂದು ಪ್ಲಾಸ್ಟಿಕ್ ಟ್ಯಾಗೂ ಸಡಿಲ ಇರುವ ಹಾಗಿಲ್ಲ. ಅದೇ ಅವಳ ಹೆಮ್ಮೆ. ಇರಲಿ ಬಿಡಿ, ಹೆಮ್ಮೆಪಡುವಂಥ ಕೈಯೇ.

ಆ ಭಾನುವಾರ ಶೆಡ್ಡಿನ ಪಕ್ಕದ ಬಯಲಿನಲ್ಲಿ ಮಣ್ಣುಹಾದಿಯ ಬೈಕ್ ರೇಸು. ಹನ್ನೆರಡು ಗಂಟೆಗೆ ಫೈನಲ್. ಮೈಕಿನವನು ಬೆಳಗಿನಿಂದಲೇ ಗಂಟಲು ಹರಿದುಕೊಳ್ಳುತ್ತಿದ್ದ.

ಒಂಬತ್ತೂವರೆಗೆ ಬೆಳ್ಯಪ್ಪ ಗಾಡಿ ತಳ್ಳಿಕೊಂಡು ಬಂದ. ಕೊಡಗಿನವನು, ಈ ಒಂದು ರೇಸಿಗಾಗಿ ತಿಂಗಳಿನಿಂದ ಇಲ್ಲೇ ಬೀಡುಬಿಟ್ಟು ಅಭ್ಯಾಸ ಮಾಡುತ್ತಿದ್ದ. ಮೈಯೆಲ್ಲ ಮಣ್ಣು, ಮೊಣಕೈಯಲ್ಲಿ ರಕ್ತ.

"ದೊಡ್ಡ ದಿಬ್ಬ ಹತ್ತೋ ಮುಂಚೆ ಇಂಜಿನ್ ಸತ್ತೇಹೋಯ್ತು ಕಸ್ತೂರಿ ಅವರೇ! ಹಾರೋ ಬದಲು ಉರುಳಿಬಿದ್ದೆ. ಲೈಟ್ ಬೇರೆ ಮಿಣಮಿಣ ಅಂತಿದೆ. ಎಡಕ್ಕೆ ತಿರುಗಿದಾಗ..."

"ಗೊತ್ತಾಯ್ತು ಬಿಡಿ ಸರ್," ಎಂದಳು ಕಸ್ತೂರಿ. ಯಾವ ಭಾಗ ಕೆಟ್ಟರೆ ಎಷ್ಟು ಸಲ ಮಿಟುಕಬೇಕೆಂಬ ಲೆಕ್ಕ ಗಾಡಿಯ ಎಚ್ಚರಿಕೆ ಲೈಟಿಗಿದೆ; ಅದನ್ನು ಎಣಿಸಿಯಾಗಿತ್ತು. "ಥ್ರಾಟಲ್ ಸೆನ್ಸರ್."

ನಿಮ್ಮ ಕೈ ಎಷ್ಟು ತಿರುಗಿತು ಅಂತ ಗಾಡಿಯ ಕಂಪ್ಯೂಟರಿಗೆ ಹೇಳುವ ಹೆಬ್ಬೆರಳು ಗಾತ್ರದ ತುಣುಕು ಅದು. ಅದರ ಮಾತು ಕೇಳಿಯೇ ಕಂಪ್ಯೂಟರ್ ಪೆಟ್ರೋಲ್ ಬಿಡುವುದು. ಮಾತು ನಿಂತರೆ ಇಂಜಿನ್ನೂ ತಡವರಿಸುತ್ತದೆ.

"ಹನ್ನೊಂದೂವರೆ ಒಳಗೆ ಆಗದಿದ್ರೆ ನನ್ನ ಹೆಸರು ವಾಪಸ್ ತಗೋತೀನಿ," ಎಂದ ಬೆಳ್ಯಪ್ಪ. "ಆ ದಿಬ್ಬದ ಮೇಲೆ ಇನ್ನೊಂದು ಸಲ ಸತ್ತರೆ, ಗಾಡಿ ಜೊತೆ ನಾನೂ ಸಾಯ್ತೀನಿ."

"ಆಗತ್ತೆ ಸರ್. ನನ್ನ ಮಾತು."

ಮೂಲೆಯಲ್ಲಿ ಚಹಾ ಹೀರುತ್ತಿದ್ದ ಉಸ್ತಾದರು ಅಂದರು, "ಮಾತು ಕೊಟ್ಟೋಳು ನೀನು. ನಾನು ಸ್ಪ್ಯಾನರ್ ಮುಟ್ಟಲ್ಲ."

ಕಸ್ತೂರಿ ಗಾಡಿಯನ್ನು ಸ್ಟ್ಯಾಂಡಿಗೆ ಏರಿಸಿ, ಹ್ಯಾಂಡಲ್ ಅಲುಗದಂತೆ ಎರಡೂ ಕಡೆ ಪಟ್ಟಿ ಬಿಗಿದಳು. ಅದು ಅವಳ ಪದ್ಧತಿ. ಹೊಸ ಸೆನ್ಸರ್ ಹಾಕಿದಳು. ಮೀಟರ್ ಹಚ್ಚಿದಳು. ಥ್ರಾಟಲ್ ಮುಚ್ಚಿದಾಗ ಅರ್ಧ ವೋಲ್ಟ್, ಪೂರ್ತಿ ತಿರುವಿದಾಗ ನಾಲ್ಕೂವರೆ. ನಡುವೆ ಎಲ್ಲೂ ಎಡವಲಿಲ್ಲ. ಸ್ಟಾರ್ಟ್ ಮಾಡಿ ರೈಸ್ ಮಾಡಿದರೆ ಆಹಾ, ಏನು ಗರ್ಜನೆ!

ಬೆಳ್ಯಪ್ಪ ಒಂದು ಸುತ್ತು ಹಾಕಲು ಹೋದವನು ಅರ್ಧಕ್ಕೇ ತಳ್ಳಿಕೊಂಡು ಬಂದ. "ಮತ್ತೆ ಮಿಸ್ ಹೊಡೀತಿದೆ!"

ಕಸ್ತೂರಿಯ ಮುಖ ಕೆಂಪಾಯಿತು. ಇದೂ ಕೆಟ್ಟ ಸೆನ್ಸರೇ ಇರಬೇಕೆಂದು ಇನ್ನೊಂದು ಹಾಕಿದಳು. ಮತ್ತೆ ಸ್ಟ್ಯಾಂಡು, ಮತ್ತೆ ಪಟ್ಟಿ, ಮತ್ತೆ ಅದೇ ಗರ್ಜನೆ. ಬೆಳ್ಯಪ್ಪ ಮತ್ತೆ ಹೋದ, ಮತ್ತೆ ತಳ್ಳಿಕೊಂಡು ಬಂದ. ಹೆಲ್ಮೆಟ್ ಕಳಚಿ ಹೊರಗಿನ ಬೇವಿನ ಮರದ ಕೆಳಗೆ ಹೋಗಿ ಕೂತ.

ಆಗಲೇ ಹತ್ತೂ ಮುಕ್ಕಾಲು.

"ಉಸ್ತಾದ್, ಇಲ್ಲಿದ್ದಾಗ ಚಿನ್ನದಂಥ ಗಾಡಿ. ಅಲ್ಲಿ ಹೋದ್ರೆ ದೆವ್ವ ಹೊಕ್ಕವರ ಥರ ಆಡತ್ತೆ. ನಂಗೇನೂ ತೋಚ್ತಿಲ್ಲ!"

ಉಸ್ತಾದರು ಚಹಾದ ಲೋಟ ಕೆಳಗಿಟ್ಟರು. "ಅದಿರಲಿ ಮಗಳೇ, ನನ್ನ ಕುತ್ತಿಗೆ ನೋಯ್ತಿದೆ. ಸ್ವಲ್ಪ ನೋಡು."

"ಈಗಲಾ?"

"ನೋವು ಗಂಟೆ ನೋಡ್ಕೊಂಡು ಬರತ್ತಾ? ತಲೆ ಗಟ್ಟಿಯಾಗಿ ಹಿಡ್ಕೋ. ಅಲುಗಬಾರದು."

ಹಲ್ಲು ಕಚ್ಚಿಕೊಂಡು ಅವಳು ಉಸ್ತಾದರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಈಗ ಕೇಳು, ನೋವಿದೆಯಾ ಅಂತ."

"ನೋವಿದೆಯಾ ಉಸ್ತಾದ್?"

"ಒಂಚೂರೂ ಇಲ್ಲ! ಭಾರಿ ವೈದ್ಯೆ ಕಣಮ್ಮ ನೀನು."

"ನಾನು ಅಲುಗಿಸೋಕೇ ಬಿಡ್ತಿಲ್ಲ, ನೋವು ಹೇಗೆ ಬರತ್ತೆ? ತಿರುಗಿಸಿದ್ರೆ ತಾನೇ..."

ಮಾತು ಅಲ್ಲಿಗೇ ನಿಂತಿತು. ಅವಳು ಗಾಡಿಯ ಕಡೆ ನೋಡಿದಳು. ಹ್ಯಾಂಡಲಿಗೆ ಬಿಗಿದ ಪಟ್ಟಿ ನೋಡಿದಳು.

"ಅಯ್ಯೋ!"

ಉಸ್ತಾದರ ತಲೆ ಬಿಟ್ಟು ಓಡಿದಳು. ಪಟ್ಟಿ ಕಿತ್ತೆಸೆದಳು. ಮೀಟರ್ ಹಚ್ಚಿ ಹ್ಯಾಂಡಲನ್ನು ಬಲಕ್ಕೆ ತಿರುಗಿಸಿದಳು. ಸರಿಯಿತ್ತು. ನಿಧಾನವಾಗಿ ಎಡಕ್ಕೆ ತಿರುಗಿಸಿದಳು.

ಸೊನ್ನೆ.

ನೇರ ಮಾಡಿದರೆ ಅರ್ಧ ವೋಲ್ಟ್. ಎಡಕ್ಕೆ ತಿರುಗಿಸಿದರೆ ಸೊನ್ನೆ!

"ಸಿಕ್ತು! ಉಸ್ತಾದ್, ಸಿಕ್ತು! ಸೆನ್ಸರ್ ಅಲ್ಲವೇ ಅಲ್ಲ, ಅದರ ವೈರು!" ಕುಣಿಯುವುದೊಂದು ಬಾಕಿ. ಅಲ್ಲ, ಸುಳ್ಳು ಯಾಕೆ ಹೇಳಲಿ, ಎರಡು ಹೆಜ್ಜೆ ಕುಣಿದೇಬಿಟ್ಟಳು.

ಈ ಗಾಡಿಯ ಕಂಪ್ಯೂಟರ್ ಪೆಟ್ಟಿಗೆ ಇರುವುದು ಹ್ಯಾಂಡಲಿನ ಜೊತೆಗೇ ತಿರುಗುವ ಮುಂದಿನ ನಂಬರ್ ಪ್ಲೇಟಿನ ಹಿಂದೆ. ಸೆನ್ಸರಿನ ವೈರು ಅಲ್ಲಿಗೆ ಹೋಗಬೇಕಾದರೆ ಹ್ಯಾಂಡಲಿನ ಬುಡ ದಾಟಬೇಕು. ಕಸ್ತೂರಿ ಟ್ಯಾಂಕ್ ಬಿಚ್ಚಿ ಬುಡಕ್ಕೆ ಟಾರ್ಚ್ ಹಿಡಿದಳು.

ಕುಣಿತ ಅಲ್ಲಿಗೆ ನಿಂತಿತು.

ವೈರುಗಳ ಕಟ್ಟನ್ನು ಫ್ರೇಮಿಗೆ ಒತ್ತಿ ಒಂದು ಕರಿ ಟ್ಯಾಗ್ ಬಿಗಿದಿತ್ತು. ಬಲು ಚೊಕ್ಕ. ಬಾಲ ನುಣ್ಣಗೆ ಕತ್ತರಿಸಿದ್ದು. ಅಷ್ಟು ಬಿಗಿ ಇದ್ದದ್ದಕ್ಕೇ, ಎಡಕ್ಕೆ ತಿರುಗಿದಾಗೆಲ್ಲ ಎಳೆದು ಎಳೆದು, ಸಿಪ್ಪೆಯೊಳಗೆ ತಂತಿ ತುಂಡಾಗಿತ್ತು. ಹೋದ ತಿಂಗಳು ಈ ಗಾಡಿಯ ವೈರಿಂಗ್ ಮಾಡಿದ್ದು ಕಸ್ತೂರಿಯೇ.

ಅವಳು ಟ್ಯಾಗ್ ಕತ್ತರಿಸಿದಳು. ತುಂಡಾದ ತಂತಿಗೆ ಬೆಸುಗೆ ಹಾಕಿದಳು. ಹ್ಯಾಂಡಲ್ ತಿರುಗಿದಾಗ ಎಳೆಯದಂತೆ ಧಾರಾಳವಾಗಿ ವೈರು ಬಿಟ್ಟು ಕಟ್ಟಿದಳು. ನೋಡಲು ಅಷ್ಟೇನೂ ಚಂದ ಇರಲಿಲ್ಲ. ಇಂಜಿನ್ ಶುರು ಮಾಡಿ ಹತ್ತು ಸಲ ಎಡಕ್ಕೆ, ಹತ್ತು ಸಲ ಬಲಕ್ಕೆ ತಿರುಗಿಸಿದಳು. ಗರ್ಜನೆ ಒಮ್ಮೆಯೂ ಮುರಿಯಲಿಲ್ಲ.

ಹನ್ನೊಂದು ಇಪ್ಪತ್ತು.

"ಉಸ್ತಾದ್," ಎಂದಳು ದನಿ ತಗ್ಗಿಸಿ. "ವೈರು ಕೆಟ್ಟಿತ್ತು ಅಂತ ಅಷ್ಟೇ ಹೇಳೋಣ. ಟ್ಯಾಗ್ ವಿಷಯ ಯಾಕೆ? ನಾನೇ ಬೀಳಿಸಿದ್ದು ಅಂತ ಗೊತ್ತಾದ್ರೆ ಅವರು ಈ ಗಾಡಿ ಹತ್ತುತ್ತಾರಾ?"

"ಮಾತು ಕೊಟ್ಟೋಳು ನೀನು," ಎಂದರು ಉಸ್ತಾದರು. ಅಷ್ಟೇ.

ಬೆಳ್ಯಪ್ಪ ಬಂದ. ಗಾಡಿ ನೋಡಿದ, ಅವಳ ಮುಖ ನೋಡಿದ. "ನಿಜ ಹೇಳಿ. ಆ ದಿಬ್ಬದ ಮೇಲೆ ಥ್ರಾಟಲ್ ಪೂರ್ತಿ ತಿರುವಬಹುದಾ?"

ಕಸ್ತೂರಿ ಕತ್ತರಿಸಿದ ಟ್ಯಾಗನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿದಳು.

"ಇದು ನಾನು ಕಟ್ಟಿದ್ದು ಸರ್. ಚಂದ ಕಾಣಲಿ ಅಂತ ಅತಿಯಾಗಿ ಬಿಗಿದೆ, ಒಳಗೆ ವೈರು ತುಂಡಾಯ್ತು. ನೀವು ಬೆಳಗ್ಗೆ ಬಿದ್ದದ್ದು ನನ್ನಿಂದ. ಎಡಕ್ಕೆ ತಿರುಗಿದಾಗ ಅಂತ ನೀವು ಹೇಳಿದ್ರಿ, ನಾನು ಕೇಳಿಸಿಕೊಳ್ಳಲೇ ಇಲ್ಲ. ಈಗ ಸರಿ ಮಾಡಿದೀನಿ."

ಬೆಳ್ಯಪ್ಪ ಟ್ಯಾಗನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಮೊಣಕೈ ಗಾಯ ನೋಡಿಕೊಂಡ. ಬೈಯುತ್ತಾನೆ ಎಂದು ಅವಳು ತಲೆ ತಗ್ಗಿಸಿ ನಿಂತಳು. ಅವನು ಬೈಯಲಿಲ್ಲ. ಹೆಲ್ಮೆಟ್ ಹಾಕಿಕೊಂಡು ಗಾಡಿ ಹತ್ತಿ ಹೊರಟೇಬಿಟ್ಟ.

ಫೈನಲ್ ಶುರುವಾಯಿತು. ಉಸ್ತಾದರೂ ಕಸ್ತೂರಿಯೂ ಬೇಲಿಯ ಹತ್ತಿರ ನಿಂತರು. ಧೂಳೋ ಧೂಳು! ಎಂಟು ಗಾಡಿಗಳು ಒಂದನ್ನೊಂದು ನೂಕಿಕೊಂಡು ಎಡ ತಿರುವಿಗೆ ನುಗ್ಗಿದವು. ಅದಾದ ಮೇಲೆ ದೊಡ್ಡ ದಿಬ್ಬ. ಕಸ್ತೂರಿ ಬೇಲಿಯ ಕಂಬವನ್ನು ಅವುಚಿ ಹಿಡಿದಳು.

ಬೆಳ್ಯಪ್ಪ ತಿರುವಿನಲ್ಲಿ ವಾಲಿದ. ಇಂಜಿನ್ ಒಂದೇ ಸಮ ಕೂಗುತ್ತಿತ್ತು. ಅವನ ಕೈ ಒಂದಿಷ್ಟೂ ಸಡಿಲಾಗಲಿಲ್ಲ. ಪೂರ್ತಿ ತಿರುವಿಕೊಂಡೇ ದಿಬ್ಬ ಹತ್ತಿದವನು ಮುಂದಿದ್ದ ಇಬ್ಬರು ಸವಾರರ ತಲೆಯ ಮೇಲಿಂದ ಹಾರಿ ಆಚೆ ಇಳಿದ. ಬಯಲಿಗೆ ಬಯಲೇ ಕೂಗಿತು. ಕಸ್ತೂರಿ ಎಲ್ಲರಿಗಿಂತ ಜೋರಾಗಿ ಕೂಗಿದಳು. ಕಣ್ಣಲ್ಲಿ ನೀರು ಬಂದದ್ದು ಧೂಳಿಗಲ್ಲ.

ಎರಡನೇ ಸುತ್ತಿನಲ್ಲೂ ಅಷ್ಟೇ. ಮೂರನೆಯದರಲ್ಲೂ ಅಷ್ಟೇ.

"ಉಸ್ತಾದ್," ಎಂದಳು ಕಣ್ಣೊರೆಸಿಕೊಳ್ಳುತ್ತ, "ತಪ್ಪು ನನ್ನದು ಅಂತ ಬಾಯಾರೆ ಹೇಳಿದೆ. ಆದ್ರೂ ಒಂಚೂರೂ ಹೆದರದೆ ಪೂರ್ತಿ ತಿರುವ್ತಿದಾರಲ್ಲ, ಹೇಗೆ?"

ಉಸ್ತಾದರು ಹಾದಿಯಿಂದ ಕಣ್ಣು ಕೀಳಲಿಲ್ಲ.

"ಬರೀ ವೈರು ಕೆಟ್ಟಿತ್ತು ಅಂದಿದ್ರೆ, ಇನ್ಯಾವುದು ಕೆಡತ್ತೋ ಅಂತ ಉಳಿದ ವೈರುಗಳನ್ನ ಎಣಿಸ್ತಾ ಓಡಿಸ್ತಿದ್ದ."