ಜಾಲಿಹಳ್ಳದ ಟಿಟ್ಟಿಭ

ಹತ್ತಿರ ಬನ್ನಿ. ಇನ್ನೂ ಹತ್ತಿರ.

ಓಣಿಯ ಹಿಂದೆ ಜಾಲಿಹಳ್ಳ. ಹಳ್ಳದಲ್ಲಿ ಮುರಿದ ಸೇತುವೆ. ಅಲ್ಲೊಂದು ಟಿಟ್ಟಿಭ ಹಕ್ಕಿ. ಉದ್ದನೆಯ ಹಳದಿ ಕಾಲು. ಅದಕ್ಕೊಂದೇ ಮರಿ.

ಒಂದು ದಿನ ಮರಿ ಸೇತುವೆಯ ಕಲ್ಲಿನ ಸಂದಿಗೆ ನುಸುಳಿತು. ದಡದ ಮಣ್ಣು ದಸಕ್ಕನೆ ಜರಿಯಿತು. ಸಂದಿ ಮುಚ್ಚಿಹೋಯಿತು. ಒಳಗೆ ಕತ್ತಲು. ಒಳಗಿಂದ ಪೀಂ, ಪೀಂ.

ದೂರದಲ್ಲಿ ಗುಡುಗಿತು. ಇನ್ನು ಹಳ್ಳ ತುಂಬಿ ಬರುತ್ತದೆ.

ತಾಯಿ ಏಡಿಯ ಬಿಲಕ್ಕೆ ಓಡಿತು. "ಏಡಿಯಣ್ಣಾ, ಮಣ್ಣು ತೋಡು. ಮಣ್ಣು ತೋಡಿದರೆ ಮರಿ ಬರುತ್ತದೆ."

"ನಾನು ಬರೋದಿಲ್ಲ. ಮಡುವಿನಲ್ಲಿ ನೀರುನಾಯಿ ಇದೆ. ನನ್ನನ್ನು ತಿಂದುಬಿಡುತ್ತದೆ."

ನೀರು ಕಲ್ಲಿನ ಬುಡಕ್ಕೆ ಬಂತು. ಪೀಂ, ಪೀಂ.

ಅದು ಮಡುವಿಗೆ ಓಡಿತು. "ನೀರುನಾಯಿಯಣ್ಣಾ, ಮಡು ಬಿಟ್ಟು ಹೋಗು. ನೀನು ಹೋದರೆ ಏಡಿ ಬರುತ್ತದೆ. ಏಡಿ ಬಂದರೆ ಮಣ್ಣು ತೋಡುತ್ತದೆ. ಮಣ್ಣು ತೋಡಿದರೆ ಮರಿ ಬರುತ್ತದೆ."

"ನಾನು ಹೋಗೋದಿಲ್ಲ. ದಡದಲ್ಲಿ ನಾಯಿ ಕೂತಿದೆ. ನನ್ನನ್ನು ಕಚ್ಚುತ್ತದೆ."

ನೀರು ಏರಿತು. ಪೀಂ.

ಅದು ದಡಕ್ಕೆ ಓಡಿತು. "ನಾಯಣ್ಣಾ, ಮನೆಗೆ ಹೋಗು. ನೀನು ಎದ್ದರೆ ನೀರುನಾಯಿ ಹೋಗುತ್ತದೆ. ನೀರುನಾಯಿ ಹೋದರೆ ಏಡಿ ಬರುತ್ತದೆ. ಏಡಿ ಬಂದರೆ ಮಣ್ಣು ತೋಡುತ್ತದೆ. ಮಣ್ಣು ತೋಡಿದರೆ ಮರಿ ಬರುತ್ತದೆ."

"ನಾನು ಏಳೋದಿಲ್ಲ. ನೀಲವ್ವ ಇಲ್ಲಿಗೆ ಬಂದು ಕರೆಯಬೇಕು. ಕರೆಯದೆ ಎದ್ದರೆ ಬೈಯುತ್ತಾಳೆ."

ನೀರು ಇನ್ನೂ ಏರಿತು. ಈಗ ಪೀಂ ಅನ್ನುವುದು ಸಣ್ಣಗೆ ಕೇಳಿತು.

ನಾಯಿಯ ಒಡತಿ ನೀಲವ್ವ, ಮುದುಕಿ. ಮನೆಯ ಹೊಸ್ತಿಲ ಮೇಲೆ ಕೂತಿದ್ದಳು. ಟಿಟ್ಟಿಭ ಅಲ್ಲಿಗೆ ಓಡಿತು. "ನೀಲವ್ವಾ, ನಾಯಿಯನ್ನು ಕರೆ. ನೀನು ಕರೆದರೆ ನಾಯಿ ಏಳುತ್ತದೆ. ನಾಯಿ ಎದ್ದರೆ ನೀರುನಾಯಿ ಹೋಗುತ್ತದೆ. ನೀರುನಾಯಿ ಹೋದರೆ ಏಡಿ ಬರುತ್ತದೆ. ಏಡಿ ಬಂದರೆ ಮಣ್ಣು ತೋಡುತ್ತದೆ. ಮಣ್ಣು ತೋಡಿದರೆ ಮರಿ ಬರುತ್ತದೆ."

ನೀಲವ್ವ ತಲೆ ಅಲ್ಲಾಡಿಸಿದಳು. "ನಾ ಹಳ್ಳದ ಕಡೆ ಬರಂಗಿಲ್ಲವ್ವಾ. ನಾ ಸಣ್ಣಾಕಿ ಇದ್ದಾಗ ದೊಡ್ಡ ಹಳ್ಳ ಬಂತು. ಆ ಸೇತುವೆ ಮುರೀತು. ನಾ ಅದರ ಮ್ಯಾಲೇ ಇದ್ದೆ. ಅವತ್ತಿಂದ ನನಗ ಹೆದರಿಕಿ."

ಟಿಟ್ಟಿಭಕ್ಕೆ ಇನ್ನು ಕೇಳಲು ಯಾರೂ ಉಳಿದಿರಲಿಲ್ಲ. ಅದು ಅಲ್ಲೇ ನಿಂತು ಕೂಗಿತು. ಟಿಟ್ಟೀ, ಟಿಟ್ಟೀ.

ನೀಲವ್ವ ಕಿವಿ ಮುಚ್ಚಿಕೊಂಡಳು. ಆದರೂ ಕೇಳಿತು.

"ನಮ್ಮವ್ವನೂ ದಡದಾಗ ನಿಂತು ಹಿಂಗ ಕೂಗಿದ್ಲು," ಅಂದಳು ಮೆಲ್ಲಗೆ. "ಆಗ ಯಾರೋ ನೀರಿಗೆ ಇಳದು ಬಂದ್ರು."

ಅವಳು ಎದ್ದಳು. ಹೆದರುತ್ತಲೇ ದಡಕ್ಕೆ ನಡೆದಳು. "ಬಾರೋ," ಅಂತ ಕರೆದಳು.

ನೀಲವ್ವ ಕರೆದಳು, ನಾಯಿ ಎದ್ದಿತು. ನಾಯಿ ಎದ್ದಿತು, ನೀರುನಾಯಿ ಮಡು ಬಿಟ್ಟು ಓಡಿತು. ನೀರುನಾಯಿ ಓಡಿತು, ಏಡಿ ಬಂತು. ಏಡಿ ಬಂತು, ಮಣ್ಣು ತೋಡಿತು. ಕರಕರ ತೋಡಿತು. ನೀರು ಸಂದಿಯ ಬಾಯಿಗೇ ಬಂದಿತ್ತು.

ಒಳಗೆ ಸದ್ದಿಲ್ಲ.

ತಾಯಿ ಬಗ್ಗಿ ನೋಡಿತು. ಕೆಸರು ಅಲುಗಿತು. ಒಂದು ಕೊಕ್ಕು ಬಂತು. ಒಂದು ತಲೆ ಬಂತು. ಕೆಸರು ಮೆತ್ತಿದ ಮರಿ ಬಂತು. ಪೀಂ ಅಂತು. ತಾಯಿಯ ರೆಕ್ಕೆಯೊಳಗೆ ಹೊಕ್ಕಿತು.

ಅವರೆಲ್ಲ ದಡ ಹತ್ತಿದ ಮೇಲೆ ಭೋರೆಂದು ಹಳ್ಳ ಬಂತು. ಸಂದಿ ಮುಳುಗಿತು. ಮರಿ ಮುಳುಗಲಿಲ್ಲ.