ಕಾವಿಗೆ ಕೂತ ಕೆಂಚಿ

ಕಾವಿಗೆ ಕೂತ ಕೋಳಿಗೆ ಊರು ಹೊತ್ತಿ ಉರಿದರೂ ಗೊತ್ತಾಗೋದಿಲ್ಲ ಅಂತಾರೆ. ನಮ್ಮ ಕೆಂಚಿ ಅಂಥ ದಡ್ಡ ಕೋಳಿಯಲ್ಲಪ್ಪ!

ಹುಲ್ಲು ಹಾಸಿದ ಕುಕ್ಕೆಯಲ್ಲಿ, ತನ್ನ ಚೊಚ್ಚಲ ಮೊಟ್ಟೆಗಳ ಮೇಲೆ ಅದು ಕೂತು ಕಣ್ಣು ಮುಚ್ಚಿತು. ಮನಸ್ಸಿನ ಚಡಪಡಿಕೆಯೆಲ್ಲ ಇಳಿದು ಹಿತವಾಯಿತು. ಇಂಥ ಸುಖವನ್ನು ಒಬ್ಬಳೇ ಅನುಭವಿಸುವುದೇ? ಕುಕ್ಕೆಯಿಂದ ಹಾರಿ ತಿಪ್ಪೆಗೆ ಓಡಿತು.

“ಅಕ್ಕತಂಗಿಯರೇ, ಸುಮ್ಮನೆ ಅಲೆಯಬೇಡಿ, ಒಂದೆಡೆ ಕೂತು ಧ್ಯಾನ ಮಾಡಿ! ಆಹಾ, ಏನು ಶಾಂತಿ, ಏನು ಶಾಂತಿ!”

ಕೆದಕುತ್ತಿದ್ದ ಕೋಳಿಗಳೆಲ್ಲ ಸುತ್ತ ನೆರೆದವು. ಹುಂಜವಂತೂ “ಅಮ್ಮಾವ್ರೇ” ಅಂತ ತಲೆಬಾಗಿತು. ಆವತ್ತಿನಿಂದ ಬೆಳಗ್ಗೆ ತಿಪ್ಪೆಯ ಮೇಲೆ, ಸಂಜೆ ಬೇಲಿಯ ಹತ್ತಿರ ಕೆಂಚಿಯ ಉಪದೇಶ ತಪ್ಪಲಿಲ್ಲ.

ಪಕ್ಕದ ಕುಕ್ಕೆಯಲ್ಲಿ ಕಾವಿಗೆ ಕೂತಿದ್ದ ಮುದಿ ಕೋಳಿ ಬೋಳಕ್ಕ ಗದರಿಸಿತು. “ಲೇ ಕೆಂಚಿ, ಮೊಟ್ಟೆ ಆರಿಹೋಗ್ತಾವಲ್ಲೇ! ಬಾಯಿ ಮುಚ್ಚಿ ಬಂದು ಕೂತ್ಕೋ.”

“ನೀನು ಹಗಲೂರಾತ್ರಿ ಕೂತಿದ್ದೀಯಲ್ಲ ಬೋಳಕ್ಕ, ಯಾರಿಗೆ ಗೊತ್ತು ಹೇಳು?”

“ಮೊಟ್ಟೆಗೆ ಗೊತ್ತು.”

ದಿನ ತುಂಬಿತು. ಬೋಳಕ್ಕನ ಹೊಟ್ಟೆಯಡಿಯಿಂದ ಮರಿಗಳು ಚಿಂವ್ ಚಿಂವ್ ಅಂತ ಹೊರಬಂದವು. ಕೆಂಚಿ ತನ್ನ ಮೊಟ್ಟೆಗಳಿಗೆ ಕಿವಿಗೊಟ್ಟಿತು. ಒಂದರಲ್ಲೂ ಸದ್ದಿಲ್ಲ. ಕೊಕ್ಕಿನಿಂದ ಮೆಲ್ಲಗೆ ತಟ್ಟಿತು. ಆಗಲೂ ಇಲ್ಲ.

ಹುಂಜ ಇಣುಕಿ ಕೇಳಿತು. “ಏನಾಯ್ತು ಅಮ್ಮಾವ್ರೇ?”

ಕೆಂಚಿ ರೆಕ್ಕೆ ಕೊಡವಿ ಎದ್ದು ನಿಂತಿತು. ಆಮೇಲೆ ಗಂಟಲು ಸರಿಮಾಡಿಕೊಂಡಿತು.

“ನಾನಂತೂ ಅಷ್ಟು ಧ್ಯಾನ ಹೇಳಿಕೊಟ್ಟೆ ಕಣಪ್ಪ. ಈ ಮೊಟ್ಟೆಗಳಿಗೇ ಶ್ರದ್ಧೆ ಸಾಲದು.”

ಕೋಳಿಗಳೆಲ್ಲ ಹೌದು ಹೌದು ಅಂತ ಕತ್ತು ಆಡಿಸಿದವು.